ಸತ್ತ ಸ್ವರದ ರೊಕ್ಕ ಕಳೆದು

ಖಡೇಬಜಾರಿನ ಮಹಡಿ ಮ್ಯಾಲಿನ ಅಂಗಡಿ.
ಇನಾಸ ಬಾರ್ದೇಸ್ಕರ ಗ್ವಾಡಿಯಿಂದ ಇಳಿಸಿ ಕೊಟ್ಟ:
ಐದು ತಂತಿಯ ಬೇಸ್ ಗಿಟಾರು, ಕಂದು ಬಣ್ಣ,
ಚೀಟಿ ಮ್ಯಾಲ ಹದಿನಾಲ್ಕು ಸಾವಿರದ ಐನೂರು.
"ಇದರ ಅಣ್ಣ ಎಂಬತ್ತು ಸಾವಿರಕ್ಕ ಬರ್ತಾನ" ಅಂದ,
"ಮಾರಿ ಒಂದಽ, ನಸೀಬ ಬ್ಯಾರೆ."

ನಾನು ವಡಗಾವಿಯ ಮಗ್ಗದ ಫಿಟ್ಟರ್.
ಮಾರಿ ನೋಡಿ ಮಾಲು ಕೊಂಡವನಲ್ಲ.

ಮೊದಲು ಕತ್ತು.
ಒಂದು ಕಣ್ಣು ಮುಚ್ಚಿ, ತುದಿಯಿಂದ ಉದ್ದಕ್ಕೂ ನೋಡಿದೆ,
ಲಾಳಿ ಓಡುವ ದಾರಿ ನೋಡುವಂಗ.
ನಡುವ ತುಸು ತಗ್ಗು, ಅದು ಇರಬೇಕಾದದ್ದಽ.
ತಿರುಚು ಇಲ್ಲ.
ಆಮ್ಯಾಲ ಕಿಸೆಯಿಂದ ಒಂದು ರೇಷ್ಮಿ ಎಳಿ ತಗದು
ಮೆಟ್ಟಿಲುಗಳ ಅಂಚಿನ ಗುಂಟ ಸಾವಕಾಶ ಎಳದೆ.
ಮೂರು ಕಡೆ ಸಿಕ್ಕಿತು.
ಇನಾಸ ಲೆಕ್ಕದ ಪುಸ್ತಕದಾಗ
ಇಲ್ಲದ್ದೇನೋ ಹುಡುಕಲಿಕ್ಕೆ ಹತ್ತಿದ.
ಮೂರು ಮುಳ್ಳು ಅಂದರ ಅರ್ಧ ತಾಸು ಅರದ ಕೆಲಸ;
ಅರ ನನ್ನ ಹತ್ರ ಐತಿ.

ಪಟ್ಟಿ ಹಾಕ್ಕೊಂಡು ಕೈ ಬಿಟ್ಟೆ.
ತಲಿ ಮೆಲ್ಲಕ ಕೆಳಗ ವಾಲಿತು,
ರಾತ್ರಿ ಪಾಳಿ ಮುಗಿಸಿ ಬಸ್ಸಿನಾಗ ಕುಂತ ಹುಡುಗನಂಗ.
ಹಗುರ ಕಟ್ಟಿಗಿ, ಭಾರದ ಬಿರಡಿ.
ಹೆಗಲು ತಡೀತೈತಿ.

ನಾಲ್ಕು ತಂತಿ ಹೇಳಿದ ಮಾತು ಕೇಳ್ತಾವ.
ಐದನೇದು, ಹೆಬ್ಬೆರಳಿನ ಹತ್ರದ ಆ ದಪ್ಪಂದು,
ಅದರ ಸಲುವಾಗೇ ಬಂದವ ನಾನು.
ಬಾರಿಸಿದೆ.
ಅಂಗಡಿಯ ಆಂಪ್ಲಿಫೈಯರು ಕೆಮ್ಮಿತು.
ಊಟದ ಡಬ್ಬಿಯಷ್ಟು ಅದು; ಅಷ್ಟು ಆಳದ ನೀರು
ಅದರಾಗ ಎಲ್ಲಿ ಹಿಡಿಸಬೇಕು?
ವೈರು ಕಿತ್ತೆ. ಗಿಟಾರಿನ ಕೊಂಬಿಗೆ ದವಡಿ ಒತ್ತಿ
ಮತ್ತ ಬಾರಿಸಿದೆ.

ಇಪ್ಪತ್ತೆರಡು ವರ್ಷದ ಮಗ್ಗ ನನ್ನ ಕಿವಿಯಿಂದ
ಮ್ಯಾಲಿನದ್ದೆಲ್ಲ ಮೊದಲು ಒಯ್ತು:
ಗುಬ್ಬಿ, ಗೆಜ್ಜಿ, ಬಳಿ,
ಮಗಳು ಸ ಅಂದದ್ದೋ ಶ ಅಂದದ್ದೋ.
ಬ್ಯಾಂಡಿನ ಹುಡುಗ ಕೀಬೋರ್ಡಿನ ತುದಿಗೆ ಹೋದರ
ಬೆರಳು ಕಾಣ್ತಾವ, ಅಷ್ಟಽ.
ತಳ ಮಾತ್ರ ಉಳದೈತಿ.
ಅಟ್ಟ ಕಳವಾದವಗ ಹಗೇವಿನ ಮ್ಯಾಲ ಜೀವ.

ದವಡಿಯೊಳಗ ಆ ತಂತಿ ಬಂತು.
ತುಸು ಸಡಿಲ, ತುಸು ಕೆಸರು,
ಎಂಬತ್ತು ಸಾವಿರದ ಅಣ್ಣನಂಗ ಎದಿ ಸೆಟೆದು ನಿಲ್ಲಲಿಲ್ಲ.
ಆದರ ಬಂತು,
ಹಲ್ಲಿನ ಬೇರಿಗೆ, ಗದ್ದಕ್ಕ, ಎದಿ ಎಲುಬಿಗೆ.
ಸುಳ್ಳು ಹೇಳಲಿಲ್ಲ, ತೊದಲಿತು.
ಛಲೋ ತಂತಿ ಹಾಕಿದರ ತೊದಲು ಹೋದೀತು;
ಸುಳ್ಳಿಗೆ ಬಿಡಿಭಾಗ ಸಿಗಂಗಿಲ್ಲ.

ಆಮ್ಯಾಲ ಒಂದೊಂದೇ ಮೆಟ್ಟಿಲು ಹತ್ತಿದೆ.
ತೆಳ್ಳನ ತಂತಿಯ ಐದನೇ ಮನಿಯೊಳಗ
ಸ್ವರ ಹುಟ್ಟಿದ್ದಽ ಕಣ್ಣು ಮುಚ್ಚಿತು.
ಮತ್ತ ಬಾರಿಸಿದೆ. ಮತ್ತ ಹಂಗಽ.
"ಇನಾಸಣ್ಣ, ಇಲ್ಲೊಂದು ಸ್ವರ ಸತ್ತೈತಿ. ಅದರ ರೊಕ್ಕ ಕಳಿ."
"ಎಂಬತ್ತು ಸಾವಿರದ್ದರಾಗೂ ಅಲ್ಲೇ ಸಾಯ್ತೈತಿ ಮಾರಾಯ,
ಕಟ್ಟಿಗಿ ಜಾತಿನಽ ಹಂಗ."
"ಅವರ ಮನ್ಯಾಗ ಮಣ್ಣಿಗೆ ರೊಕ್ಕ ಇರತೈತಿ."
ನಕ್ಕ. ಕಿವಿಯ ಸಂದಿನ ಪೆನ್ಸಿಲು ತಗದು ಚೀಟಿ ತಿದ್ದಿದ:
ಮೂರು ಮುಳ್ಳಿಗೆ ಮುನ್ನೂರು,
ಒಂದು ಸಾವಿಗೆ ಏಳುನೂರು,
ವಾಲೋ ತಲಿಗೆ ಹಳೇ ಅಗಲ ಪಟ್ಟಿ ಪುಕ್ಕಟೆ.

ಮನಿಗೆ ಬಂದು ಅರ ಹುಡುಕಿದೆ, ಸಿಗಲಿಲ್ಲ.
ಮಗಳು ಕಳದಾಳ; ಕೇಳಿದರ
ಗಿಟಾರಿನ ಕಡೆ ಬೆರಳು ಮಾಡಿ ಮಾತು ಮರಸಿದ್ಲು.
ಕೊಂಬಿಗೆ ಅಕೀ ಗದ್ದ ಹಚ್ಚಿಸಿ
ಐದನೇದು ಮೀಟಿದೆ.
ಕಣ್ಣು ಅಗಲ ಮಾಡಿ ಏನೋ ಅಂದ್ಲು.
ಹೊರಗ ಓಣಿ ತುಂಬ ಮಗ್ಗ ನಡದಿದ್ದವು.
ಬಾರಿಸು ಅಂದಂಗ ಇತ್ತು, ನಡುವಿನ ಅಕ್ಷರ ಬರಲಿಲ್ಲ.
ಬಾರಿಸಿದೆ.