ನಡಾವಳಿ

ಈ ಕಟ್ಟಡಕ್ಕೆ ಜೇನುಗೂಡು ಅಂತಲೇ ಹೆಸರು.
ವೆಲಿಂಗ್ಟನ್ನಿನ ಗಾಳಿ ದಿನಾ ಬಂದು ಗುದ್ದಿದರೂ
ಒಳಗಿನ ಒಂದು ಹನಿ ಹೊರಗೆ ತೊಟ್ಟಿಕ್ಕಿಲ್ಲ.
ಹತ್ತನೇ ಮಹಡಿ. ಸೋಮವಾರ.
ಇಪ್ಪತ್ತು ಮಂದಿ ಮಂತ್ರಿಗಳು, ಅವರ ಫೋನುಗಳೆಲ್ಲ ಬಾಗಿಲಾಚೆ,
ಮೂಲೆಯಲ್ಲಿ ನಾನು, ಟಿಪ್ಪಣಿಗಾರ,
ಹದಿನೇಳು ವರ್ಷದಿಂದ ಬಾಯಿಲ್ಲದ ಕೈ.

ಒಳಗೆ ಎಷ್ಟಾದರೂ ಕಚ್ಚಾಡಲಿ.
ಒಮ್ಮೆ ಒಬ್ಬರು ಬಿಸ್ಕತ್ತಿನ ತಟ್ಟೆ ಎಸೆದದ್ದೂ ಉಂಟು.
ಹೊಸಿಲು ದಾಟಿದ ಮೇಲೆ ಇಪ್ಪತ್ತು ಗಂಟಲಿಗೆ ಒಂದೇ ದನಿ.
ಒಪ್ಪದವರಿಗೆ ಬಾಗಿಲು ತೆರೆದೇ ಇದೆ;
ಅದರ ಹಿಡಿ ಸವೆದದ್ದನ್ನು ಮಾತ್ರ ನಾನು ಕಂಡಿಲ್ಲ.

ಏಪ್ರಿಲ್. ಏಳನೇ ವಿಷಯ: ನದಿಮಾಪಕಗಳು.
ಹದಿನಾರು ಮುಚ್ಚಿದರೆ ಇಷ್ಟು ಉಳಿತಾಯ.
ಐಲ್ಸಾ ಟ್ರೆಗಾರ್ಥನ್, ಪರಿಸರ ಖಾತೆ,
ಚಹಾ ಪಕ್ಕಕ್ಕೆ ಸರಿಸಿ ಹೇಳಿದರು:
"ಬೇಡ. ಹೊಳೆ ರಾತ್ರಿಯಲ್ಲೂ ಏರುತ್ತದೆ.
ಟೊಟಾರಾ ಹೊಳೆಯದ್ದೊಂದನ್ನಾದರೂ ಉಳಿಸಿ."
ಹಣಕಾಸು ಮಂತ್ರಿ ಕನ್ನಡಕ ಒರೆಸಿದರು.
ಪ್ರಧಾನಿ ಗಡಿಯಾರ ನೋಡಿದರು.
ನಾನು ಬರೆದೆ:
'ಚರ್ಚಿಸಲಾಯಿತು. ಮುಚ್ಚಲು ತೀರ್ಮಾನಿಸಲಾಯಿತು.'

ಈ 'ಲಾಯಿತು' ಬಹಳ ಉಪಕಾರಿ.
ಕೆಲಸ ಆಗಿದೆ, ಮಾಡಿದವರಿಲ್ಲ.
ಒಂದೇ ಕೊಡೆಯಡಿ ಇಪ್ಪತ್ತು ಜನ ನೆನೆಯದೆ ನಿಲ್ಲಬಹುದು,
ನಾನೂ ತಲೆ ತೂರಿಸಿದರೆ ಇಪ್ಪತ್ತೊಂದು.

ಜೂನಿನಲ್ಲಿ ಸದನದಲ್ಲಿ ಎದ್ದು ಅವರೇ ಸಮರ್ಥಿಸಿದರು,
ಬೇಡವೆಂದ ಅದೇ ಬಾಯಲ್ಲಿ,
ಒಂದಕ್ಷರವೂ ತೊದಲದೆ.
ಟಿವಿಯಲ್ಲಿ ನೋಡುತ್ತ ಅಂದುಕೊಂಡೆ, ಎಂಥ ಶಿಸ್ತು!
ಈಗ ಆ ಪದ ನಾಲಗೆಗೆ ಬರುತ್ತಿಲ್ಲ.

ಸೆಪ್ಟೆಂಬರ್, ವೈಟ್‌ಬೇಟ್ ಮೀನಿನ ಸುಗ್ಗಿ.
ಟೊಟಾರಾ ದಂಡೆಯ ತಗಡಿನ ಗುಡಿಸಲಲ್ಲಿ
ಬಲೆಗಳನ್ನು ಆರಹಾಕಿ ಮೂವರು ಮಲಗಿದ್ದರು.
ಮೇಲೆ ಬೆಟ್ಟದಲ್ಲಿ ಸುರಿದದ್ದು ಕೆಳಗೆ ಯಾರಿಗೂ ತಿಳಿಯಲಿಲ್ಲ.
ತಿಳಿಸಬೇಕಾದ ಕಂಬ ಅಲ್ಲೇ ಇತ್ತು, ತಂತಿ ಕಳಚಿತ್ತು.
ಬೆಳಗ್ಗೆ ಚಾವಣಿಯ ಮೇಲೆ
ಒಂದು ನಾಯಿ ಮಾತ್ರ.

ಐಲ್ಸಾ ಹೋದರು, ಗಂಬೂಟು ಹಾಕಿಕೊಂಡು.
ಗಂಡನ ಕೋಟು ಹೊದ್ದು ನಿಂತಿದ್ದ ನೈರಿ ಕಲ್‌ಹೇನ್
ಒಂದೇ ಮಾತು ಕೇಳಿದಳು:
"ಇದಕ್ಕೆ ನೀವು ಒಪ್ಪಿದ್ದಿರಾ?"

ಕ್ಯಾಮೆರಾ ಕಾದಿತ್ತು. ಮನೆಯಲ್ಲಿ ಕೂತು ನಾನೂ ಕಾದೆ.
ಇಲ್ಲ ಎಂದರೆ ಹತ್ತೊಂಬತ್ತು ಬೆನ್ನಿಗೆ ಚೂರಿ,
ಹೌದು ಎಂದರೆ ಸುಳ್ಳು.
"ಅದು ನಮ್ಮ ತೀರ್ಮಾನ" ಎಂದರು.
ಸ್ವಲ್ಪ ತಡೆದು, "ಇಲಾಖೆ ನನ್ನದು."

ನಾವು ನಾನಾಗಲು ಬೇಕಾದದ್ದು
ಆ ತಡೆದಷ್ಟೇ ಹೊತ್ತು.
ಮಧ್ಯಾಹ್ನದೊಳಗೆ ರಾಜೀನಾಮೆ.
ಪ್ರಧಾನಿ ಅದನ್ನು ದೊಡ್ಡತನ ಎಂದರು.
ಹೆಗಲು ಕೊಡಲು ಎಲ್ಲರೂ ಬಂದರು,
ಹೆಣಕ್ಕೆ ಕೊಡುವ ಹಾಗೆ,
ನಾಲ್ಕು ಹೆಜ್ಜೆ, ಆಮೇಲೆ ಇನ್ನೊಬ್ಬರು.

ಅವರನ್ನು ಪಟಕ್ಕೆ ಹಾಕಿ ಪೂಜಿಸಲಾರೆ.
ಬೇಡ ಎಂದವರು ಕುರ್ಚಿ ಬಿಡದೆ ಕೂತದ್ದೂ ನಿಜ.
ಏಪ್ರಿಲಿನಲ್ಲೇ ಬಾಗಿಲ ಹಿಡಿ ತಿರುಗಿಸಿದ್ದರೆ
ಯಾರಾದರೂ ಆ ಕಂಬದತ್ತ ತಿರುಗಿ ನೋಡುತ್ತಿದ್ದರೇನೋ.
ನೋಡುತ್ತಿರಲಿಲ್ಲವೇನೋ.

ಮುಂದಿನ ಸೋಮವಾರದ ಹೊತ್ತಿಗೆ
ಕುರ್ಚಿಗಳು ಇಂಚಿಂಚು ಸರಿದು ಸಂದು ಮುಚ್ಚಿತ್ತು.
ಪಾಸು ಹಿಂತಿರುಗಿಸಲು ಬಂದ ಐಲ್ಸಾ
ನನ್ನ ಮೇಜಿನ ಬಳಿ ನಿಂತರು.
"ನಿಮ್ಮ ಕರಡಿನಲ್ಲಿ, ಆ ದಿನ..."
ಮಾತು ಮುಗಿಸಲಿಲ್ಲ.
ಕರಡುಗಳನ್ನು ನಾಶಪಡಿಸಲಾಗುತ್ತದೆ ಎಂದೆ. ನಿಯಮ.
"ಸರಿ" ಎಂದರು. ಲಿಫ್ಟಿನ ಕಡೆ ತಿರುಗಿ, "ಸರಿಯೇ."

'ಹೊಳೆ ರಾತ್ರಿಯಲ್ಲೂ ಏರುತ್ತದೆ',
ನನ್ನದೇ ಸೊಟ್ಟ ಅಕ್ಷರ, ಅಂಚಿನಲ್ಲಿ ಚಹಾದ ಕಲೆ.
ಆ ಹಾಳೆಯನ್ನು ಯಂತ್ರಕ್ಕೆ ಹಾಕಲಾಯಿತು.

ಅಲ್ಲ.
ಹಾಕಿದೆ.
ಆ ಏಪ್ರಿಲಿನ ಸೋಮವಾರವೇ, ಒಂದು ಗಂಟೆಗೆ ಐದು ನಿಮಿಷ ಇರುವಾಗ,
ಹಾಕಿ, ಕೈ ತೊಳೆದುಕೊಂಡು
ಊಟಕ್ಕೆ ಹೋದೆ.