ಮೂರನೆಯ ಮೂಲೆಯ ಕುರ್ಚಿ

ಹಡರ್ಸ್‌ಫೀಲ್ಡಿನ ಕ್ರೀಡಾಭವನ, ನವೆಂಬರಿನ ಭಾನುವಾರ.
ಹೀಟರು ಕೆಟ್ಟಿದೆ; ಪಾಳಿ ಕಾಯುವ ಮಕ್ಕಳು
ತಮ್ಮ ಬರಿಗಾಲನ್ನು ತಾವೇ ತುಳಿದುಕೊಂಡು ನಿಂತಿದ್ದಾರೆ.
ಚಾಪೆಯ ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ,
ಮೂರನೆಯದು ನನ್ನದು.
ಬಲಗೈಲಿ ಕೆಂಪು ಬಾವುಟ, ಎಡಗೈಲಿ ನೀಲಿ,
ಮೈಮೇಲೆ ಸಂಘದ ಕಡುನೀಲಿ ಕೋಟು.
ವಾರದ ದಿನಗಳಲ್ಲಿ ಇದೇ ಊರಿನ ಬೀದಿಗಳಲ್ಲಿ
ಹಳದಿ ಗೆರೆಯ ಮೇಲೆ ನಿಂತ ಕಾರುಗಳಿಗೆ
ದಂಡದ ಚೀಟಿ ಅಂಟಿಸುವ ಆಸಾಮಿ ನಾನು.
ನೋಡುವುದೇ ನನ್ನ ಕಸುಬು ಅನ್ನಿ.

ಮುಟ್ಟಿದರೆ ಅಂಕ, ಜೋರಾಗಿ ಮುಟ್ಟಿದರೆ ತಪ್ಪು.
ಹೊಡೆತ ಬರಬೇಕು ಬಿರುಗಾಳಿಯ ಹಾಗೆ,
ಬಂದು, ಗಲ್ಲದ ಹತ್ತಿರ,
ಬಾಗಿಲು ತಟ್ಟಲು ಹಿಂಜರಿವ ನೆಂಟನ ಹಾಗೆ ನಿಲ್ಲಬೇಕು.
ಬೆಳಿಗ್ಗೆ ಒಬ್ಬ ಹುಡುಗ
ಒಡೆದ ಮೂಗಿಗೆ ಹತ್ತಿ ತುರುಕಿಕೊಂಡು ಗೆದ್ದ;
ಕೆಡವಿದವನು ನಿಂತೇ ಸೋತ.
ಇದನ್ನು ದೊಡ್ಡಪ್ಪನಿಗೆ ಹೇಗೆ ಹೇಳಲಿ?

ದೊಡ್ಡಪ್ಪ ದಾವಣಗೆರೆಯ ಪೈಲ್ವಾನ.
ಅವನ ಗರಡಿಯಲ್ಲಿ ಪಂಚರಿದ್ದರು, ಹೆಸರಿಗೆ;
ತೀರ್ಪು ಹೇಳುತ್ತಿದ್ದದ್ದು ಮಟ್ಟಿಯ ಕೆಮ್ಮಣ್ಣು.
ತಕರಾರೆದ್ದರೆ ಒಂದೇ ಮಾತು:
‘ತಿರುಗಪ್ಪ, ಬೆನ್ನು ತೋರಿಸು.’
ಎಣ್ಣೆ ಕುಡಿದ ಮಣ್ಣು ಸುಳ್ಳಾಡುತ್ತಿರಲಿಲ್ಲ,
ಅಥವಾ ಹಾಗಂತ ನಾನು ನಂಬಿದ್ದೆ.
ಸಾಹುಕಾರರ ಮಗನ ಬೆನ್ನು ಒರೆಸಿದ ಟವೆಲ್ಲನ್ನೂ
ಇದೇ ಕಣ್ಣು ಕಂಡಿತ್ತು.

ಸೆಮಿಫೈನಲ್. ಹದಿನಾಲ್ಕರೊಳಗಿನ ಹುಡುಗಿಯರು.
ಕೆಂಪು: ಬ್ರಯೊನಿ ಹೆಪ್‌ವರ್ತ್, ಕಾಲೇ ಅರ್ಧ ಆಳು.
ನೀಲಿ: ಮರ್ವಾ, ಡ್ಯೂಸ್‌ಬರಿಯ ಬೇಕರಿಯವರ ಮಗಳು,
ನಡುಕಟ್ಟಿನ ತುದಿಯನ್ನು ಹಲ್ಲಲ್ಲಿ ಕಚ್ಚುವ ಚಾಳಿ.
ಎರಡು, ಎರಡು. ಮೊದಲ ಅಂಕ ಕೆಂಪಿನದಾದ್ದರಿಂದ
ಸಮವಾದರೂ ಕೆಂಪೇ ಗೆಲ್ಲುವ ಲೆಕ್ಕ.

ಉಳಿದದ್ದು ಏಳು ಸೆಕೆಂಡು.
ಮರ್ವಾಳ ಮುಷ್ಟಿ ಹೊರಟಿತು.
ಒಂದನೆಯ ಮೂಲೆಯಲ್ಲಿ ನೀಲಿ ಬಾವುಟ ಎದ್ದಿತು.
ಎರಡನೆಯವನಿಗೆ ರೆಫ್ರಿಯ ಬೆನ್ನು ಅಡ್ಡ.
ನಾಲ್ಕನೆಯಾಕೆಯ ಬಾವುಟಗಳು ತೊಡೆ ಬಿಟ್ಟು ಕದಲಲಿಲ್ಲ.
ಎರಡು ಬಾವುಟ ಬೇಕು, ಒಂದು ಅಂಕಕ್ಕೆ.

ಆಗೆಲ್ಲ ನಮಗೊಂದು ಸನ್ನೆ ಇತ್ತು:
ಎರಡೂ ಬಾವುಟ ಕಣ್ಣಿಗಡ್ಡ ಹಿಡಿದರೆ
‘ನನಗೆ ಕಾಣಲಿಲ್ಲ’.
ಯಾವ ಕೋರ್ಟಿನಲ್ಲೂ ಇಲ್ಲದ ಪ್ರಾಮಾಣಿಕ ಸನ್ನೆ ಎಂದು
ಹೊಸಬರಿಗೆ ಪಾಠ ಹೇಳುವಾಗ ನಾನೇ ಹೊಗಳುತ್ತಿದ್ದೆ.

ಹಿಂದಿನ ಪಂದ್ಯದಲ್ಲಿ ನನ್ನದೊಂದೇ ಬಾವುಟ ಎದ್ದಾಗ
ರೆಫ್ರಿ ನೋಡಿದ ನೋಟ
ಇನ್ನೂ ಕತ್ತಿನ ಹಿಂದೆ ಚುಚ್ಚುತ್ತಿತ್ತು.

ಕಂಡಿತ್ತು ನನಗೆ.
ಗಲ್ಲಕ್ಕೆ ಎರಡು ಬೆರಳು ಬಾಕಿ ಇರುವಾಗ
ನಿಂತ ಮುಷ್ಟಿ, ನಿಂತ ಉಸಿರು,
ಬ್ರಯೊನಿಯ ಕಿವಿಯ ಬಳಿ ಆ ಗಾಳಿಗೆ ಹಾರಿದ
ಒಂದು ಕೂದಲು ಕೂಡ.
ಕಂಡೂ,
ಬಾವುಟಗಳ ಹಿಂದೆ ಕಣ್ಣು ತೆರೆದುಕೊಂಡೇ ಕೂತೆ.

ಗಂಟೆ ಬಡಿಯಿತು. ಕೆಂಪು ಗೆದ್ದಿತು, ನಿಯಮದ ಪ್ರಕಾರ.
ಮರ್ವಾ ನಿಯಮದ ಪ್ರಕಾರವೇ ಬಾಗಿದಳು
ಎದುರಾಳಿಗೆ, ರೆಫ್ರಿಗೆ. ಆಮೇಲೆ
ಯಾವ ನಿಯಮವೂ ಕೇಳದಿದ್ದರೂ
ನನ್ನ ಮೂಲೆಗೊಮ್ಮೆ.
ಸಿಟ್ಟೋ, ಮರ್ಯಾದೆಯೋ.
ಅದು ಮಾತ್ರ ನಿಜಕ್ಕೂ ಕಾಣಲಿಲ್ಲ.

ಹೊರಗೆ ಅವಳಪ್ಪನ ಬ್ರೆಡ್ಡಿನ ವ್ಯಾನು
ಜೋಡಿ ಹಳದಿ ಗೆರೆಯ ಮೇಲೆ ಗಾಲಿ ಊರಿ ನಿಂತಿತ್ತು.
ಅದನ್ನೂ ಕಾಣದವರ ಹಾಗೆ ದಾಟಿ ಹೋದೆ.
ಅದರಿಂದೇನೂ ಚುಕ್ತಾ ಆಗಲಿಲ್ಲ.

ಈಗ ನಮ್ಮ ಸಂಘದ ಪುಸ್ತಕದಲ್ಲಿ ಆ ಸನ್ನೆ ಇಲ್ಲ.
ಕ್ಯಾಮೆರಾ ಬಂದಿದೆ; ಕೋಚು ಕಾರ್ಡು ಎತ್ತಿದರೆ ಮರುನೋಟ.
ಒಳ್ಳೆಯದೇ. ಕ್ಯಾಮೆರಾಗೆ
ಹಿಂದಿನ ಪಂದ್ಯ ನೆನಪಿರುವುದಿಲ್ಲ.

ಆ ರಾತ್ರಿ ಮನೆಗೆ ಬಂದು ಕೋಟು ಬಿಚ್ಚಿ
ಗೂಟಕ್ಕೆ ಹಾಕುವ ಮುಂಚೆ, ಏನೋ ಅನಿಸಿ,
ಅದರ ಬೆನ್ನನ್ನು ಬಲ್ಬಿನ ಬೆಳಕಿಗೆ ಹಿಡಿದೆ.
ಇಸ್ತ್ರಿಯ ಗೆರೆಯೂ ಮಾಸಿರಲಿಲ್ಲ.
ಆದರೂ ಕೊಡವಿದೆ.
ಇನ್ನೊಮ್ಮೆ ಕೊಡವಿದೆ.