ಹಿಂದಿನ ಸಾಲಿನ ಎಡ ಹೆಗಲು

ನಮ್ಮ ಇಗರ್ಜಿಯ ಉಡುಪುಕೋಣೆಯ ಬಾಗಿಲ ಹಿಂದೆ
ಪೆನ್ಸಿಲ್ಲಿನ ಗೀಟುಗಳಿವೆ,
ಮಕ್ಕಳು ಬೆಳೆದದ್ದನ್ನು ಗುರುತು ಹಾಕಿದ ಹಾಗೆ.
ಮಕ್ಕಳದಲ್ಲ. ಪಾಸ್ಖದ ಬೆಳಿಗ್ಗೆ
ಎದ್ದುಬಂದ ಪ್ರಭುವನ್ನು ಹೊತ್ತು ಏರು ಓಡುವ
ಎಂಟು ಗಂಡಸರ ಹೆಗಲಿನ ಎತ್ತರ.
ಅರ್ಧ ಬೆರಳು ಹೆಚ್ಚುಕಮ್ಮಿಯಾದರೂ ಪ್ರಭು ವಾಲುತ್ತಾನೆ.
ವಾಲಿದರೆ ಪಕ್ಕದ ಊರಿನವರಿಗೆ
ಮುಂದಿನ ಪಾಸ್ಖದವರೆಗೂ ಮಾತಿಗೆ ಬರವಿಲ್ಲ.

ಹಿಂದಿನ ಸಾಲು, ಎಡಗಡೆ: ವಿಸ್ತಿನ್.
ಇಪ್ಪತ್ತಾರು ವರ್ಷ ಅದೇ ಗೀಟು.
ಕಳೆದ ನವೆಂಬರಿನಲ್ಲಿ ಉಳಿದ ಏಳು ಮಂದಿ
ಅವನಿಗೇ ಹೆಗಲು ಕೊಟ್ಟರು.
ಏಳು. ಸಮವಾಗಲಿಲ್ಲ.
ಬಂದರಿಗಿಳಿಯುವ ಕಲ್ಲುಮೆಟ್ಟಿಲಲ್ಲಿ
ಪೆಟ್ಟಿಗೆ ಒಂದಿಷ್ಟು ಎಡಕ್ಕೆ ಜಗ್ಗಿತು.
ನೋಡಿದವಳು ನಾನೊಬ್ಬಳೇ ಇರಬೇಕು.

ತಪಸ್ಸುಕಾಲದ ನಾಲ್ಕನೇ ವಾರ
ಝಾರೆನ್ ಬಂದ, ಟೋಪಿ ಕೈಯಲ್ಲಿ ಹಿಡಿದು.
"ಚೆನ್ಸಾ, ಗೀಟಿಗೆ ಸರಿಹೊಂದುವವನು ಊರಲ್ಲಿ ಒಬ್ಬನೇ.
ಆ ಗಾರೆಯವನು. ಘಾನಾದವನು.
ಕೊನೇ ಬೆಂಚಿನಲ್ಲಿ ಕೂರುತ್ತಾನಲ್ಲ, ಎದೆಮ್.
ದಿಂಬು ಬೇಕಿತ್ತು."
ನಾನು ಕಾಫಿ ಕೊಟ್ಟೆ. ದಿಂಬು ಕೊಡಲಿಲ್ಲ.

ಸುಳ್ಳೇಕೆ ಹೇಳಲಿ, ಅವನು ಯಾರಾದರೇನು
ಎಂದು ನನಗನ್ನಿಸಲಿಲ್ಲ. ಅನ್ನಿಸಿತು.
ನಮ್ಮಣ್ಣನ ಮಗನಿಗೆ ಹಿಮ್ಮಡಿಗೆ ಹಲಗೆ ಕಟ್ಟಿದರೆ ಸಾಲದೇ
ಅಂತಲೂ ಕೇಳಿಸಿದೆ.
ಅಮ್ಮನವರ ಮುಂದೆ ಮೊಂಬತ್ತಿ ಹಚ್ಚಿ
ಇದನ್ನೇ ಕೇಳಿಕೊಂಡೆ. ಆಕೆ ಎಲ್ಲೋ ನೋಡುತ್ತಿದ್ದಳು.

ಪವಿತ್ರ ಗುರುವಾರ ದುನ್ ಔರೆಲ್
ಹನ್ನೆರಡು ಮಂದಿಯ ಕಾಲು ತೊಳೆದರು.
ಹನ್ನೊಂದನೆಯದು ಅವನದು.
ಎಷ್ಟು ಉಜ್ಜಿಕೊಂಡು ಬಂದಿದ್ದನೋ,
ಆದರೂ ಉಗುರಿನ ಸಂದಿಯಲ್ಲಿ ನಮ್ಮದೇ ಸುಣ್ಣಕಲ್ಲು,
ನಮ್ಮದೇ ಹಳದಿ ಧೂಳು.
ಬೋಗುಣಿಯ ನೀರು ಬಣ್ಣ ತಿರುಗಿತು.
ವಿಸ್ತಿನ್ ಕೆಲಸದಿಂದ ಬಂದು ಕಾಲು ತೊಳೆದ
ಬಚ್ಚಲಿನ ನೀರೂ ಅದೇ ಬಣ್ಣ.
ಆಮೇಲೆ ಗಂಟೆಗಳು ಮೂಕವಾದವು.
ಎರಡು ದಿನ ಮರದ ಗಿಲಕಿಯೊಂದೇ,
ಒಣ ಕೆಮ್ಮಿನ ಹಾಗೆ, ಬೀದಿಯಿಂದ ಬೀದಿಗೆ.

ಶನಿವಾರ ಬಾದಾಮಿ ಅರೆಯುವುದು ಬಿಟ್ಟು
ದಿಂಬಿನ ಹೊಲಿಗೆ ಬಿಚ್ಚಿದೆ.
ಹತ್ತಿ ಗಂಟುಗಟ್ಟಿತ್ತು, ಕಲ್ಲಿನ ಹಾಗೆ.
ಅವನ ಬೆವರಿನ ವಾಸನೆ, ಇನ್ನೂ.
ಮುಖ ಹುದುಗಿಸಿ ಕೂತೆ, ಎಷ್ಟು ಹೊತ್ತೋ.
ಒಲೆಯಲ್ಲಿದ್ದ ಎರಡು ಮೀನು, ಒಂದು ಕುರಿ,
ಮೊಮ್ಮಕ್ಕಳ ಫಿಗೊಲ್ಲಿ, ಬಾಲದ ಕಡೆ ಸೀದವು.
ಹತ್ತಿ ಬಿಡಿಸಿ, ಹೊಸದು ಬೆರೆಸಿ, ಮತ್ತೆ ಹೊಲಿದೆ.
ಹಳೆಯದನ್ನು ಪೂರ್ತಿ ತೆಗೆಯಲಿಲ್ಲ.

ಭಾನುವಾರ. ವಾದ್ಯದವರು, ಪಟಾಕಿ,
ಬಾಲ್ಕನಿಗಳಿಂದ ಚೂರು ಕಾಗದದ ಸುರಿಮಳೆ.
ಏರಿನ ಬುಡದಲ್ಲಿ ಎಂಟು ಮಂದಿ ಉಸಿರು ಕಟ್ಟಿದರು.
"ಹೂಂ!" ಎಂದ ಝಾರೆನ್.
ಓಡಿದರು.
ಪ್ರಭು ಬಂದ, ಬಾವುಟ ಹಿಡಿದ ಕೈ ಮೇಲೆತ್ತಿ,
ಎಲ್ಲಿಗೋ ತಡವಾದವನ ಹಾಗೆ.
ಅರ್ಧ ಏರಿನಲ್ಲಿ ಹಿಂದಿನ ಎಡಗಾಲು ಜಾರಿತು.
ಊರಿಗೆ ಊರೇ "ಅಯ್ಯೋ" ಎಂದಿತು.
ಪ್ರಭು ವಾಲಿದ, ನನ್ನ ಕಡೆಗೇ,
ಬಾಗಿಲಲ್ಲಿ ನಿಂತವಳನ್ನು ಏನೋ ಕೇಳುವಂತೆ.
ನನ್ನ ಬಾಯಿಂದ ಬಂದ ಹೆಸರು ವಿಸ್ತಿನ್ ಅಲ್ಲ.
"ಎದೆಮ್!" ಅಂದೆ. ಕಿರುಚಿದೆ.
ಅವನು ಮೊಣಕಾಲೂರಿ ಎದ್ದ.
ಷರಾಯಿ ಹರಿದಿತ್ತು. ಹೆಗಲು ಇಳಿದಿರಲಿಲ್ಲ.

ಸಂಜೆ ದಿಂಬು ಹಿಂದಿರುಗಿಸಲು ಬಂದ.
ಸೀದ ಮೀನಿನ ಬಾಲ ತಿಂದ, ಚೆನ್ನಾಗಿದೆ ಎಂದ,
ಸುಳ್ಳು. ಹೆಸರಿನ ಅರ್ಥ ಕೇಳಿದೆ.
"ಆತ ನನ್ನನ್ನು ಬಿಡಿಸಿದ" ಅಂತಂತೆ, ಅವನ ತಾಯಿಯ ಮಾತಿನಲ್ಲಿ.
ಯಾವುದರಿಂದ ಎಂದು ಕೇಳಲಿಲ್ಲ.
ಮಧ್ಯೆ ಸಮುದ್ರವಿತ್ತು ಎಂದಷ್ಟು ಗೊತ್ತು.

ಇವತ್ತು ಎಂಟನೇ ದಿನ. ಪೂಜೆಯಲ್ಲಿ ತೋಮನ ಪಾಠ.
ಮನೆಗೆ ಬಂದು ದಿಂಬು ತೆಗೆದೆ.
ಒಗೆಯಬೇಕು, ಒಗೆದಿಲ್ಲ.
ಹಳೇ ಕುಳಿಯ ಪಕ್ಕದಲ್ಲೇ ಹೊಸದೊಂದು ಕುಳಿ,
ಸ್ವಲ್ಪ ಆಳ.
ಬೆರಳಿಟ್ಟು ನೋಡಿದೆ.